ಐಸಿಯುನಲ್ಲಿ ಪಾರ್ಶ್ವವಾಯು ರೋಗಿ: ಮಿದುಳಿನ ಮೇಲೆ ನಿಗಾ ಇಡುವ ಕ್ರಮ

ಮಿದುಳಿಗೆ ರಕ್ತ ಒಯ್ಯುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಇಲ್ಲವೇ ಒಡೆದಾಗ ಉಂಟಾಗುವ ಸ್ಥಿತಿಯೇ ಪಾರ್ಶ್ವವಾಯು. ಆಡುಮಾತಿನಲ್ಲಿ ಇದನ್ನು ಲಕ್ವ ಅಥವಾ ಸ್ಟ್ರೋಕ್ ಎನ್ನುತ್ತಾರೆ. ಮೊದಲ ಚಿಕಿತ್ಸೆ ದೊರೆತ ಮೇಲೂ ಮಿದುಳಿನ ಊತ, ಹೊಸ ರಕ್ತಸ್ರಾವ, ಹೊರಗೆ ಕಾಣದ ಫಿಟ್ಸ್ ಮುಂತಾದವುಗಳಿಂದ ಎರಡನೆಯ ಬಾರಿ ಹಾನಿಯಾಗುವ ಸಾಧ್ಯತೆ ಇರುವುದರಿಂದ ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ಇರಿಸಲಾಗುತ್ತದೆ. ಹಾಸಿಗೆಯ ಪಕ್ಕದ ಮಾನಿಟರ್ ಹೃದಯದ ಬಡಿತವನ್ನೂ ಆಮ್ಲಜನಕದ ಮಟ್ಟವನ್ನೂ ಎಡೆಬಿಡದೆ ತೋರಿಸುತ್ತದೆಯಾದರೂ ಮಿದುಳಿನ ಕೆಲಸವನ್ನು ಅದರ ಯಾವ ಗೆರೆಯೂ ನೇರವಾಗಿ ಹೇಳಲಾರದು. ರೋಗಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ, ಪ್ರತಿ ಸಲವೂ ಹಿಂದಿನ ದಾಖಲೆಯೊಡನೆ ಹೋಲಿಸಿಯೇ ಅದನ್ನು ತಿಳಿಯಬೇಕಾಗುತ್ತದೆ. ಆ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಂತ 1: ಆರಂಭದ ಸ್ಥಿತಿಯ ದಾಖಲೆ

ರೋಗಿ ಘಟಕಕ್ಕೆ ಬಂದೊಡನೆ ಎನ್‌ಐಎಚ್‌ಎಸ್‌ಎಸ್ ಎಂಬ ಪಾರ್ಶ್ವವಾಯು ಮಾಪಕದಿಂದ ಕಣ್ಣಿನ ಚಲನೆ, ಮುಖದ ಸೊಟ್ಟತನ, ಕೈಕಾಲುಗಳ ಬಲ, ಸ್ಪರ್ಶಜ್ಞಾನ, ಮಾತು ಇತ್ಯಾದಿಗಳನ್ನು ಪರೀಕ್ಷಿಸಿ 0ರಿಂದ 42ರವರೆಗೆ ಅಂಕ ನೀಡಲಾಗುತ್ತದೆ. ಅಂಕ ಹೆಚ್ಚಿದಷ್ಟೂ ಹಾನಿ ಹೆಚ್ಚು. ಮುಂದೆ ಅದು 4 ಅಥವಾ ಅದಕ್ಕಿಂತ ಹೆಚ್ಚು ಏರಿದರೆ ವೈದ್ಯರು ಕೂಡಲೇ ಬಂದು ನೋಡಬೇಕಾದ ಹದಗೆಡುವಿಕೆ ಎಂದು ಪರಿಗಣಿಸಲಾಗುತ್ತದೆ.

ಈ ಹಂತದಲ್ಲಿ ಮನೆಯವರು ಕೊಡುವ ಮಾಹಿತಿಗೆ ಬಹಳ ಬೆಲೆಯಿದೆ. ರೋಗಿ ಎಡಗೈಯವರೇ, ಕಿವಿ ಮಂದವೇ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ಹಿಂದೆಯೇ ಒಂದು ಕಾಲಿನಲ್ಲಿ ಬಲ ಕಡಿಮೆಯಿತ್ತೇ, ಮನೆಮಾತು ಯಾವುದು ಎಂಬುದನ್ನೆಲ್ಲ ಮೊದಲೇ ತಿಳಿಸಬೇಕು. ತುಳು, ಕೊಂಕಣಿ ಅಥವಾ ಉರ್ದು ಮಾತ್ರ ಬಲ್ಲ ಅಜ್ಜಿಯೊಬ್ಬರಿಗೆ ಬೇರೆ ಭಾಷೆಯಲ್ಲಿ ‘ಕೈ ಎತ್ತಿ’ ಎಂದರೆ ಅವರು ಎತ್ತದಿರುವುದು ಸಹಜ. ಅದನ್ನು ಮಾತಿನ ಗ್ರಹಿಕೆಯ ದೋಷವೆಂದು ಬರೆದುಕೊಂಡರೆ ಮುಂದಿನ ಹೋಲಿಕೆಗಳೆಲ್ಲ ತಪ್ಪುತ್ತವೆ.

ಹಂತ 2: ಎಚ್ಚರದ ಮಟ್ಟ

1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಪ್ರಕಟಿಸಿದ ಗ್ಲಾಸ್ಗೋ ಕೋಮಾ ಮಾಪಕವು ಕಣ್ಣು ತೆರೆಯುವಿಕೆಗೆ 4, ಮಾತಿಗೆ 5, ಚಲನೆಗೆ 6ರವರೆಗೆ ಅಂಕ ಕೊಡುತ್ತದೆ. ಒಟ್ಟು ಅಂಕ 15 ಇದ್ದರೆ ಪೂರ್ಣ ಎಚ್ಚರ, 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೋಮಾ, 3 ಅತ್ಯಂತ ಕೆಳಗಿನ ಮಟ್ಟ.

ಪಾರ್ಶ್ವವಾಯುವಿನಲ್ಲಿ ಒಟ್ಟು ಅಂಕವೊಂದನ್ನೇ ನೋಡಿದರೆ ದಾರಿ ತಪ್ಪುವ ಸಂಭವವಿದೆ. ಮಿದುಳಿನ ಮಾತಿನ ಕೇಂದ್ರಕ್ಕೆ ಪೆಟ್ಟು ಬಿದ್ದು ಒಂದು ಸದ್ದೂ ಹೊರಡದ, ಆದರೆ ಕಣ್ಣು ತೆರೆದಿರುವ, ಹೇಳಿದಂತೆ ಕೈ ಎತ್ತುವ ರೋಗಿಗೆ ಸಿಗುವುದು 4, 1, 6 ಸೇರಿ 11 ಮಾತ್ರ. ಅವರ ಎಚ್ಚರ ಮಾತ್ರ ಪೂರ್ಣವಾಗಿಯೇ ಇರುತ್ತದೆ. ಆದ್ದರಿಂದ ಮೂರೂ ಅಂಕಗಳನ್ನು ಬೇರೆಬೇರೆಯಾಗಿ ಬರೆಯುವುದು ಉತ್ತಮ. ಗಂಟಲಿಗೆ ಉಸಿರಾಟದ ಕೊಳವೆ ಹಾಕಿರುವವರಿಗೆ ಮಾತನ್ನು ಬಿಟ್ಟು ಕಣ್ಣು, ಚಲನೆ, ಮಿದುಳಕಾಂಡದ ಪ್ರತಿಕ್ರಿಯೆ ಹಾಗೂ ಉಸಿರಾಟವನ್ನು ಅಳೆಯುವ, 16 ಅಂಕಗಳ ‘ಫೋರ್’ ಮಾಪಕವನ್ನು ಬಳಸಬಹುದು.

ಹಂತ 3: ಕಣ್ಣಿನ ಪಾಪೆ ಮತ್ತು ಕೈಕಾಲು

ಟಾರ್ಚ್ ಬೆಳಕು ಬಿದ್ದಾಗ ಎರಡೂ ಪಾಪೆಗಳು ಚುರುಕಾಗಿ ಕಿರಿದಾಗಬೇಕು. ಊದಿದ ಮಿದುಳು ಪಾಪೆಯನ್ನು ನಿಯಂತ್ರಿಸುವ ನರವನ್ನು ಒತ್ತತೊಡಗಿದಾಗ ಆ ಬದಿಯ ಪಾಪೆ ಹಿಗ್ಗಿ ಬೆಳಕಿಗೆ ಮಂದವಾಗುವುದರಿಂದ, ಹೊಸದಾಗಿ ಕಂಡ ಅಂಥ ವ್ಯತ್ಯಾಸ ತುರ್ತಿನ ಸೂಚನೆಯಾಗುತ್ತದೆ. ಅನಂತರ ಕೈಯನ್ನು 10 ಸೆಕೆಂಡು, ಕಾಲನ್ನು 5 ಸೆಕೆಂಡು ಎತ್ತಿ ಹಿಡಿಯಲು ಹೇಳಿ, ಅದು ಕೆಳಗೆ ಜಾರುತ್ತದೆಯೇ ಎಂದು ಎರಡೂ ಬದಿಗಳಲ್ಲಿ ನೋಡಲಾಗುತ್ತದೆ.

ಹಂತ 4: ಗಡಿಯಾರಕ್ಕೆ ಕಟ್ಟಿದ ಪರೀಕ್ಷೆ

ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧ ಕೊಟ್ಟಿದ್ದರೆ ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ 30 ನಿಮಿಷಕ್ಕೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ರಕ್ತದೊತ್ತಡವನ್ನೂ ನರಸ್ಥಿತಿಯನ್ನೂ ಪರೀಕ್ಷಿಸಬೇಕು. ಅಂದರೆ ಮೊದಲ ದಿನವೊಂದರಲ್ಲೇ 36 ಸಲ. ರಕ್ತದೊತ್ತಡ ಈ ಅವಧಿಯಲ್ಲಿ 180/105ರ ಒಳಗಿರಬೇಕು. ತೀವ್ರ ತಲೆನೋವು, ವಾಂತಿ, ಒತ್ತಡದ ದಿಢೀರ್ ಏರಿಕೆ ಅಥವಾ ಹೊಸ ನಿಶ್ಶಕ್ತಿ ಕಂಡರೆ ರಕ್ತಸ್ರಾವದ ಶಂಕೆಯಿಂದ ಔಷಧವನ್ನು ನಿಲ್ಲಿಸಿ ಕೂಡಲೇ ಸಿಟಿ ಸ್ಕ್ಯಾನ್ ಮಾಡಲಾಗುತ್ತದೆ.

ಮಲಗಿದ ರೋಗಿಯನ್ನು ನಡುರಾತ್ರಿ ಎಬ್ಬಿಸುವ ನರ್ಸಿನ ಮೇಲೆ ಮನೆಯವರಿಗೆ ಬೇಸರ ಬರುವುದುಂಟು. ಆದರೆ ನಿದ್ದೆ ಯಾವುದು, ಪ್ರಜ್ಞೆ ಜಾರುತ್ತಿರುವುದು ಯಾವುದು ಎಂಬುದು ಎಬ್ಬಿಸಿ ನೋಡಿದಾಗಲೇ ತಿಳಿಯುವಂಥದು.

ಹಂತ 5: ಊತ ಮತ್ತು ಒಳಒತ್ತಡ

ಮಿದುಳಿನ ದೊಡ್ಡ ನಾಳವೊಂದು ಮುಚ್ಚಿಹೋಗಿದ್ದರೆ ಊತವು ಸಾಮಾನ್ಯವಾಗಿ ಎರಡರಿಂದ ಐದನೆಯ ದಿನದೊಳಗೆ ಗರಿಷ್ಠಕ್ಕೆ ಏರುತ್ತದೆ. ತಲೆಬುರುಡೆ ಹಿಗ್ಗದ ಪೆಟ್ಟಿಗೆಯಾದ್ದರಿಂದ ಒಳಗಿನ ಒತ್ತಡ ಹೆಚ್ಚಿ, ಮೊದಲು ತೂಕಡಿಕೆ ಕಾಣಿಸಿಕೊಳ್ಳುತ್ತದೆ. ಆಯ್ದ ರೋಗಿಗಳಲ್ಲಿ ಬುರುಡೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ತೆಗೆದು ಮಿದುಳಿಗೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅದನ್ನು ನಿರ್ಧರಿಸಬೇಕಾಗುವುದರಿಂದ ತೂಕಡಿಕೆಯನ್ನು ಆಯಾಸವೆಂದು ತಳ್ಳಿಹಾಕುವಂತಿಲ್ಲ. ದೊಡ್ಡ ರಕ್ತಸ್ರಾವವಾದ ಕೆಲವರಲ್ಲಿ ತೆಳುವಾದ ನಳಿಕೆಯನ್ನು ಮಿದುಳಿನೊಳಕ್ಕೆ ಇಳಿಸಿ ಒಳಒತ್ತಡವನ್ನು ನೇರವಾಗಿಯೇ ಅಳೆಯುತ್ತಾರೆ.

ಹಂತ 6: ಯಂತ್ರಗಳ ನೆರವು

ಕೈಕಾಲು ಅದುರದೆ ಮಿದುಳಿನೊಳಗೆ ಮಾತ್ರ ಫಿಟ್ಸ್ ನಡೆಯುತ್ತಿರಬಹುದು. ಊತಕ್ಕೆ ಹೋಲಿಸಿದರೆ ಎಚ್ಚರದ ಮಟ್ಟ ತೀರಾ ಕೆಳಗಿದ್ದಾಗ ತಲೆಯ ಮೇಲೆ ಅಂಟಿಸಿದ ತಂತಿಗಳ ಮೂಲಕ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯನ್ನು ಹಲವು ಗಂಟೆ ನಿರಂತರವಾಗಿ ನಡೆಸಿ ಇದನ್ನು ಪತ್ತೆಮಾಡಲಾಗುತ್ತದೆ. ಮಿದುಳಿನ ಹೊದಿಕೆಗಳ ನಡುವೆ ರಕ್ತಸ್ರಾವವಾಗಿದ್ದರೆ 4ರಿಂದ 14ನೆಯ ದಿನದವರೆಗೆ ನಾಳಗಳು ಸೆಡೆತು ಕಿರಿದಾಗುವ ಅಪಾಯವಿರುವುದರಿಂದ, ಶಬ್ದತರಂಗಗಳಿಂದ ರಕ್ತದ ವೇಗವನ್ನು ಅಳೆಯುವ ಡಾಪ್ಲರ್ ಪರೀಕ್ಷೆಯನ್ನು ಹಾಸಿಗೆಯ ಬಳಿಯೇ ಮಾಡುತ್ತಾರೆ.

ಹಂತ 7: ಉಳಿದ ಕಾರಣಗಳ ಪರಿಶೀಲನೆ

ರೋಗಿ ಮಂಕಾದಾಗಲೆಲ್ಲ ಮಿದುಳೇ ಕಾರಣವಾಗಿರಬೇಕಿಲ್ಲ. ರಕ್ತದ ಸಕ್ಕರೆ ಇಳಿದಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು, ಜ್ವರ ಏರಿರಬಹುದು, ಮಂಪರಿನ ಔಷಧ ಇನ್ನೂ ಇಳಿಯದಿರಬಹುದು. ಸಕ್ಕರೆಯನ್ನು 140ರಿಂದ 180 ಮಿಲಿಗ್ರಾಂಗಳ ನಡುವೆ ಇರಿಸುವುದು, ಜ್ವರವನ್ನು ಬೇಗ ಇಳಿಸುವುದು ಮಿದುಳಿನ ರಕ್ಷಣೆಯ ಭಾಗವೇ ಆಗಿದೆ.

ಮನೆಯವರ ಪಾಲು

ಭೇಟಿಯ ಹೊತ್ತಿನಲ್ಲಿ ರೋಗಿಯೊಡನೆ ಮನೆಮಾತಿನಲ್ಲೇ ಮಾತನಾಡಬೇಕು. ನುಂಗುವ ಪರೀಕ್ಷೆ ಆಗುವವರೆಗೆ ಒಂದು ಚಮಚ ನೀರನ್ನೂ ಕೊಡಬಾರದು. ನಿನ್ನೆ ಗುರುತಿಸಿದವರನ್ನು ಇಂದು ಗುರುತಿಸದಿದ್ದರೆ, ಕೈ ಹಿಡಿದಾಗಿನ ಬಿಗಿ ಕಡಿಮೆಯಾಗಿದ್ದರೆ ಅದನ್ನು ಗಮನಿಸಿದ ಸಮಯದೊಂದಿಗೆ ನರ್ಸಿಗೆ ತಿಳಿಸಬೇಕು. ವೈದ್ಯರನ್ನು ‘ಅಂಕ ಎಷ್ಟು’ ಎಂದಷ್ಟೇ ಕೇಳದೆ, ‘ನಿನ್ನೆಗಿಂತ ಏನು ಬದಲಾಗಿದೆ’ ಎಂದು ಕೇಳಿದರೆ ರೋಗಿಯ ಸ್ಥಿತಿ ಹೆಚ್ಚು ಸ್ಪಷ್ಟವಾಗಿ ಅರ್ಥವಾಗುತ್ತದೆ.