ಹಳೆಯ ಮೋಟಾರು ಎಂಜಿನ್ನಿನ ನೀರು ಸೋರಿಕೆ: ನಿದಾನಕ್ರಮ

‘ನಿದಾನ’ ಮತ್ತು ‘ನಿಧಾನ’ ಎಂಬ ಎರಡು ಶಬ್ದಗಳನ್ನು ಬೆರೆಸಿ ಬರೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಅಲ್ಪಪ್ರಾಣದ ನಿದಾನವೆಂದರೆ ಮೂಲಕಾರಣ. ರೋಗದ ಕಾರಣವನ್ನು ಗುರುತಿಸುವ ವೈದ್ಯಕ್ರಮಕ್ಕೂ ಅದೇ ಹೆಸರು. ಮಹಾಪ್ರಾಣದ ನಿಧಾನವು ಸಂಸ್ಕೃತದಲ್ಲಿ ನಿಧಿ, ಕನ್ನಡದ ಬಳಕೆಯಲ್ಲಿ ಸಾವಕಾಶ. ಹಳೆಯ ಮೋಟಾರು ಗಾಡಿಯ ಎಂಜಿನ್ನು ನೀರನ್ನು ಕಳೆದುಕೊಳ್ಳುತ್ತಿರುವಾಗ ಯಜಮಾನನಿಗೆ ಈ ಎರಡೂ ಬೇಕಾಗುತ್ತವೆ. ರೇಡಿಯೇಟರಿನ ಮುಚ್ಚಳದ ರಬ್ಬರು ಸವೆದಿದ್ದುದಕ್ಕೆ ಎಂಜಿನ್ನಿನ ಹೆಡ್ಡನ್ನೇ ಬಿಚ್ಚಿಸಿ ಹಣ ತೆತ್ತವರುಂಟು. ಗ್ಯಾಸ್ಕೆಟ್ಟು ಒಡೆದದ್ದನ್ನು ಅಲಕ್ಷಿಸಿ, ದಿನವೂ ಒಂದು ಚೊಂಬು ನೀರು ಸುರಿಯುತ್ತ ಓಡಿಸಿ, ಕೊನೆಗೆ ಎಂಜಿನ್ನನ್ನೇ ಕಳೆದುಕೊಂಡವರೂ ಉಂಟು.

ನಿದರ್ಶನಕ್ಕಾಗಿ ನಮ್ಮ ದೇಶದಲ್ಲೆಲ್ಲ ಪರಿಚಿತವಾದ ಅಂಬಾಸಡರ್ ಗಾಡಿಯನ್ನೇ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ಉತ್ಪಾದನೆ 2014ರಲ್ಲಿ ನಿಂತುಹೋಯಿತಾದರೂ, ಅಕ್ಕರೆಯಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಅದರ 1489 ಘನ ಸೆಂಟಿಮೀಟರಿನ ಹಳೆಯ ಪೆಟ್ರೋಲ್ ಎಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣದವು. ರೇಡಿಯೇಟರಿನ ತಳದಿಂದ ಪಂಪು ನೀರನ್ನು ಸೆಳೆದು ಬ್ಲಾಕಿಗೆ ತಳ್ಳುತ್ತದೆ. ಅಲ್ಲಿಂದ ನೀರು ಹೆಡ್ಡಿಗೇರಿ, ಥರ್ಮೋಸ್ಟಾಟನ್ನು ದಾಟಿ, ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಮರಳಿ, ಇಳಿಯುತ್ತ ತಣಿಯುತ್ತದೆ. ಈ ಪರಿಭ್ರಮಣದ ಮಾರ್ಗವನ್ನು ಮನಸ್ಸಿನಲ್ಲಿಟ್ಟುಕೊಳ್ಳದವನಿಗೆ ಸೋರಿಕೆಯ ಸ್ಥಾನ ಸಿಕ್ಕುವುದು ಕಷ್ಟ.

ಮೊಟ್ಟಮೊದಲು ನೀರು ನಿಜವಾಗಿಯೂ ಸೋರುತ್ತಿದೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಹಳೆಯ ಗಾಡಿಗಳಲ್ಲಿ ಉಕ್ಕಿದ ನೀರನ್ನು ಹಿಡಿದು ಹಿಂದಿರುಗಿಸುವ ಬಾಟಲಿಯಿರಲಿಲ್ಲ. ಕಂಠಮಟ್ಟ ತುಂಬಿಸಿದರೆ, ಬಿಸಿಯಾಗಿ ಹಿಗ್ಗಿದ ನೀರು ಹೊರನಳಿಕೆಯಿಂದ ನೆಲಕ್ಕೆ ಚೆಲ್ಲಿ, ಮಟ್ಟವು ಒಂದಂಗುಲದಷ್ಟು ಕೆಳಗೆ ನಿಲ್ಲುತ್ತದೆ. ಇದು ರೋಗವಲ್ಲ, ಅತಿಭೋಜನದ ಫಲ. ನಾಲ್ಕು ದಿನ ತುಂಬಿಸದೆ, ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಮಟ್ಟವನ್ನು ಕಡ್ಡಿಯಿಂದ ಅಳೆದು ಬರೆದಿಟ್ಟರೆ ಸತ್ಯ ತಿಳಿಯುತ್ತದೆ. ಮಟ್ಟ ಒಂದೆಡೆ ನಿಂತರೆ ಚಿಂತೆಯಿಲ್ಲ. ಇಳಿಯುತ್ತಲೇ ಹೋದರೆ ಮುಂದಿನ ಶೋಧನೆ.

ಮುಚ್ಚಳದ ವಿಷಯ ಇಲ್ಲಿ ವಿಸ್ತಾರವಾಗಿ ಹೇಳಬೇಕಾದುದು, ಏಕೆಂದರೆ ಅದನ್ನು ಶಂಕಿಸುವವರು ವಿರಳ. ರೇಡಿಯೇಟರಿನ ಮುಚ್ಚಳವು ಬರಿಯ ಮುಚ್ಚಳವಲ್ಲ. ಅದರೊಳಗೆ ಎರಡು ಕವಾಟಗಳಿವೆ. ಒಂದು, ಒಳಗಿನ ಒತ್ತಡವನ್ನು ಒಂದು ಮಿತಿಯವರೆಗೆ ತಡೆದಿಡುವಂಥದು. ಒತ್ತಡ ಏರಿದಂತೆ ನೀರಿನ ಕುದಿಯುವ ಬಿಂದುವೂ ಏರುತ್ತದೆ: ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಚದರಂಗುಲಕ್ಕೆ 7 ಪೌಂಡಿನ ಮುಚ್ಚಳದ ಕೆಳಗೆ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಘಟ್ಟವೇರುವ ಗಾಡಿಗೆ ಮುಚ್ಚಳದ ಕವಾಟವೇ ರಕ್ಷೆ. ಅದರ ಸ್ಪ್ರಿಂಗು ಸೋತರೆ ಅಥವಾ ರಬ್ಬರು ಬಿರಿದರೆ ನೀರು ಹಬೆಯಾಗಿ ಹೊರನಳಿಕೆಯಿಂದ ದಾರಿಯುದ್ದಕ್ಕೂ ಹೊರಟುಹೋಗುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ತೊಟ್ಟೂ ಕಾಣುವುದಿಲ್ಲ. ‘ಕೆಳಗೆ ಒಣಗಿದೆ, ನೀರು ಮಾತ್ರ ಇಲ್ಲ, ಆದಕಾರಣ ಹೆಡ್ಡಿನ ದೋಷ’ ಎಂದು ತೀರ್ಮಾನಿಸುವ ಮೇಸ್ತ್ರಿಯು ಇಲ್ಲಿಯೇ ಎಡವುತ್ತಾನೆ. ಎರಡನೆಯ ಕವಾಟ, ಎಂಜಿನ್ನು ತಣಿಯುವಾಗ ಒಳಗೆ ಗಾಳಿಯನ್ನು ಬಿಡುವಂಥದು. ಅದು ಅಂಟಿಕೊಂಡರೆ ಮೇಲಿನ ಹೋಸು ಕೆನ್ನೆ ಒಳಸೇರಿದಂತೆ ಕುಗ್ಗಿಹೋಗುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಮುಖ ಸುಟ್ಟುಕೊಂಡವರ ಸಂಖ್ಯೆ ಕಡಿಮೆಯಾಗಿಲ್ಲ.

ಆಯುರ್ವೇದವು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸತಕ್ಕದ್ದೆನ್ನುತ್ತದೆ. ಎಂಜಿನ್ನಿಗೂ ಈ ಮೂರೂ ಸಲ್ಲುತ್ತವೆ. ಪ್ರಶ್ನವು ಚಾಲಕನಿಗೆ: ನೀರು ಕಡಿಮೆಯಾಗುವುದು ಓಡುವಾಗಲೋ, ನಿಂತಾಗಲೋ, ಏರಿನಲ್ಲೋ? ದರ್ಶನಕ್ಕೆ ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿಡುವುದು ಉತ್ತಮ. ಆದರೆ ತೊಟ್ಟು ಬಿದ್ದ ಸ್ಥಳವೇ ಸೋರಿದ ಸ್ಥಳವಲ್ಲ. ಫ್ಯಾನಿನ ಗಾಳಿ ನೀರನ್ನು ಹಿಂದಕ್ಕೆ ಎರಚುತ್ತದೆ. ನೀರು ಬ್ಲಾಕಿನ ಅಂಚು ಹಿಡಿದು ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ಒದ್ದೆಗಿಂತ ಒಣಗಿದ ಗುರುತೇ ಹೆಚ್ಚು ನಂಬಿಕೆಗೆ ಅರ್ಹ. ಗಡಸುನೀರು ಬಿಳಿಯ ಪೊರೆಯನ್ನೂ, ತುಕ್ಕುನೀರು ಕೆಂಗಂದು ಗೆರೆಯನ್ನೂ, ಬಣ್ಣದ ಕೂಲಂಟು ಹಸುರು ಅಥವಾ ಕೆಂಪು ಕಲೆಯನ್ನೂ ಬಿಡುತ್ತವೆ. ಆ ಗೆರೆಯ ಅತ್ಯಂತ ಮೇಲಿನ ತುದಿಯೇ ದೋಷದ ಸ್ಥಾನ.

ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವಿದೆ. ಒಳಗಿನ ಸೀಲು ಸವೆದಾಗ ನೀರು ಬೇರಿಂಗನ್ನು ಕೆಡಿಸದೆ ಹೊರಬರಲೆಂದು ತಯಾರಕರೇ ಇಟ್ಟ ರಂಧ್ರವದು. ಅಲ್ಲಿ ನೀರು ಕಂಡರೆ ಪಂಪನ್ನು ರಿಪೇರಿ ಮಾಡಿಸಬೇಕೇ ಹೊರತು, ರಂಧ್ರವನ್ನು ಎಂಸೀಲಿನಿಂದ ಮುಚ್ಚಬಾರದು. ಫ್ಯಾನನ್ನು ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಬೇರಿಂಗೂ ಹೋಗಿದೆಯೆಂದು ತಿಳಿಯಬೇಕು. ಹೋಸುಗಳನ್ನು ಹಿಸುಕಿ ನೋಡಿದರೆ ಬಿರುಕು, ಮೆತುತನ ತಿಳಿಯುತ್ತವೆ. ಬ್ಲಾಕಿನ ಪಕ್ಕದಲ್ಲಿರುವ ತೆಳುತಗಡಿನ ಕೋರ್ ಪ್ಲಗ್ಗುಗಳು ಒಳಗಿನಿಂದ ತುಕ್ಕು ತಿಂದು ತೂತಾಗುತ್ತವೆ. ಇವನ್ನು ನೋಡಲು ಕನ್ನಡಿ, ಟಾರ್ಚು ಬೇಕು. ರೇಡಿಯೇಟರಿನ ತೊಟ್ಟಿಯ ಬೆಸುಗೆಯೂ ವಯಸ್ಸಾದಂತೆ ಬಿರಿಯುವುದುಂಟು.

ಇಷ್ಟಾದರೂ ಕಾಣದಿದ್ದರೆ ಒತ್ತಡದ ಪರೀಕ್ಷೆ. ತಣ್ಣಗಿರುವ ರೇಡಿಯೇಟರಿನ ಬಾಯಿಗೆ ಕೈಪಂಪನ್ನು ಜೋಡಿಸಿ, ಮುಚ್ಚಳದ ಮಿತಿಯಷ್ಟೇ ಒತ್ತಡ ಕೊಟ್ಟು, ಹತ್ತು ಹದಿನೈದು ನಿಮಿಷ ಮುಳ್ಳನ್ನು ಗಮನಿಸಬೇಕು. ಮುಳ್ಳು ಇಳಿದು ಹೊರಗೆಲ್ಲೂ ನೀರು ಕಾಣದಿದ್ದರೆ ಆಗ ಮಾತ್ರ ಒಳಸೋರಿಕೆಯ ಶಂಕೆ ನ್ಯಾಯ್ಯ.

ಒಳಸೋರಿಕೆಯ ನಿದಾನದಲ್ಲಿ ತರ್ಕಶಾಸ್ತ್ರದ ಎಚ್ಚರ ಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತಾರ್ಕಿಕರ ಪ್ರಸಿದ್ಧ ಉದಾಹರಣೆ. ಇಲ್ಲಿ ಬಿಳಿಹೊಗೆಯಿಂದ ನೀರನ್ನು ಊಹಿಸಬೇಕಾಗಿದೆ! ಆದರೆ ಚಳಿಯ ಬೆಳಗಿನಲ್ಲಿ ಆರೋಗ್ಯವಂತ ಎಂಜಿನ್ನಿನ ಹೊಗೆಕೊಳವೆಯೂ ಬಿಳಿ ಹಬೆಯನ್ನು ಬಿಡುತ್ತದೆ. ಹೇತುವು ವ್ಯಭಿಚಾರಿಯಾದರೆ ಅನುಮಾನ ನಿಲ್ಲುವುದಿಲ್ಲ. ಎಂಜಿನ್ನು ಪೂರ್ಣ ಬಿಸಿಯಾದ ಮೇಲೂ ದಟ್ಟ ಬಿಳಿಹೊಗೆ ಮುಂದುವರಿದರೆ ಅದು ಪ್ರಬಲ ಚಿಹ್ನೆ. ಹಾಗೆಯೇ ಆಯಿಲ್ ಮುಚ್ಚಳದಡಿಯ ಬೆಣ್ಣೆಯಂಥ ಪದಾರ್ಥವು ದಿನವೂ ಒಂದೆರಡು ಮೈಲಿ ಮಾತ್ರ ಓಡುವ ಗಾಡಿಯಲ್ಲಿ ತೇವದಿಂದಲೂ ಉಂಟಾಗುತ್ತದೆ. ಅಳತೆಕಡ್ಡಿಯ ಎಣ್ಣೆಯೇ ಹಾಲುಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಮುಂದೆ ಒಂದು ಗಜವೂ ಓಡಿಸಬಾರದು.

ಗುಳ್ಳೆಯ ಪರೀಕ್ಷೆ ಸುಲಭವೂ ಸ್ವಾರಸ್ಯಕರವೂ ಆದುದು. ತಣ್ಣಗಿರುವ ಎಂಜಿನ್ನಿಗೆ ನೀರು ತುಂಬಿ, ಫ್ಯಾನ್ ಬೆಲ್ಟನ್ನು ಕಳಚಿ, ಮುಚ್ಚಳ ತೆರೆದಿಟ್ಟು, ಒಂದು ನಿಮಿಷಕ್ಕೆ ಮೀರದಂತೆ ಎಂಜಿನ್ನನ್ನು ನಡೆಸಬೇಕು. ಬೆಲ್ಟನ್ನು ಕಳಚುವುದೇಕೆಂದರೆ, ಪಂಪು ತಿರುಗಿದರೆ ಅದೇ ಗಾಳಿಯನ್ನು ಸೆಳೆದು ಗುಳ್ಳೆ ಎಬ್ಬಿಸೀತು. ಆಗಲೂ ಬಿಡದೆ ಗುಳ್ಳೆಗಳು ಏಳುತ್ತಿದ್ದರೆ, ದಹನದ ಅನಿಲವೇ ನೀರಿಗೆ ನುಗ್ಗುತ್ತಿದೆಯೆಂದರ್ಥ. ಸಂಶಯ ಉಳಿದರೆ, ಆ ಅನಿಲ ತಾಗಿದೊಡನೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾದ್ರವವೂ ದೊರೆಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದಾಗ ಒಂದು ಮಾತ್ರ ತೊಳೆದಂತೆ ಶುಭ್ರವಾಗಿದ್ದರೆ ಅದೇ ದೋಷದ ಸಿಲಿಂಡರು. ಅಕ್ಕಪಕ್ಕದ ಎರಡು ಸಿಲಿಂಡರುಗಳ ಕಂಪ್ರೆಷನ್ನು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟಿರುವುದು ಬಹುಮಟ್ಟಿಗೆ ಖಚಿತ. ಈ ಸಾಕ್ಷ್ಯಗಳು ಕೂಡಿಬಂದ ಮೇಲೆಯೇ ಹೆಡ್ಡಿಗೆ ಪಾನ ಹಾಕತಕ್ಕದ್ದು. ಬಿಚ್ಚಿದ ಮೇಲೆ ಹೆಡ್ಡು ಬಾಗಿದೆಯೇ, ಬಿರಿದಿದೆಯೇ ಎಂದು ನೋಡದೆ ಹೊಸ ಗ್ಯಾಸ್ಕೆಟ್ಟು ಕೂರಿಸುವುದು ವ್ಯರ್ಥ.

ರೇಡಿಯೇಟರಿಗೆ ಅರಿಸಿನ ಸುರಿದು ತೂತು ಮುಚ್ಚುವ ರೂಢಿ ನಮ್ಮ ದಾರಿಗಳಲ್ಲಿ ಬಹಳ ಹಳೆಯದು. ಊರು ಮುಟ್ಟಲು ಅದು ನೆರವಾದೀತು. ಆದರೆ ಅದೇ ಅರಿಸಿನ ಕಿರುನಳಿಕೆಗಳಲ್ಲೂ ಕಟ್ಟಿಕೊಂಡು ತಣಿಸುವ ಶಕ್ತಿಯನ್ನು ಕುಂದಿಸುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದು ಇನ್ನೂ ಕೆಟ್ಟದ್ದು: ಎರಕದ ಕಬ್ಬಿಣ ಬಿರಿಯುತ್ತದೆ. ದುರಸ್ತಿಯಾದ ಮೇಲೆ ಕೊಳವೆಬಾವಿಯ ಗಡಸುನೀರಿಗೆ ಬದಲು ಬಟ್ಟಿನೀರಿನಲ್ಲಿ ಬೆರೆಸಿದ ಕೂಲಂಟನ್ನು ತುಂಬುವುದು ಕ್ಷೇಮ. ಹೊರತೆಗೆದ ಹಳೆಯ ಕೂಲಂಟನ್ನು ಅಂಗಳದಲ್ಲಿ ತೆರೆದಿಡಕೂಡದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ, ನಾಯಿ ದನಗಳು ನೆಕ್ಕಿಬಿಡುತ್ತವೆ.