ಮಗನನ್ನು ಕಳಕೊಂಡ ಮನೆಯಿಂದ ಶಾಂತಿಯ ಮಾತು

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಮಡಿದ ಸೈನಿಕರ ಮನೆಗಳಿಗೆ ಹೋಗಿಬರುತ್ತ, ಯುದ್ಧ ಬೇಡವೆನ್ನುವ ಸಭೆಗಳನ್ನು ನಡೆಸುತ್ತ ಕಲಿತದ್ದನ್ನು ಈ ಕೆಲಸಕ್ಕೆ ಬರುವವರಿಗಾಗಿ ಬರೆದಿಟ್ಟಿದ್ದೇನೆ.

1. ಮೊದಲು ಕಾಗದಪತ್ರ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶಾವಳಿ, ಪಿಂಚಣಿ ಅರ್ಜಿ: ಹೆತ್ತವರ ಜೊತೆ ನೀವೂ ಸರದಿಯಲ್ಲಿ ನಿಲ್ಲಿ. ಸೊಸೆಗೂ ಅತ್ತೆ-ಮಾವನಿಗೂ ದುಡ್ಡಿನ ಮಾತು ಬಂದರೆ ನಿಯಮ ಓದಿ ಹೇಳಿ, ಯಾರ ಪಕ್ಷವನ್ನೂ ಹಿಡಿಯಬೇಡಿ.

2. ಮಾತು ಅವರಿಂದಲೇ ಬರಲಿ. ಒಬ್ಬ ತಾಯಿ ಮಗನ ಕರಿ ಟ್ರಂಕು ತೆಗೆದು ತೋರಿಸಿದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ಇಸ್ತ್ರಿಯ ಅಂಗಿ, ಅರ್ಧ ಖಾಲಿಯಾದ ಪಾಲಿಶ್ ಡಬ್ಬಿ. ಅಂಗಿ ಮಡಚುತ್ತ ಕೇಳಿದರು: "ನನ್ನ ಮಗ ಹೋದ. ಇನ್ನೊಬ್ಬಾಕಿ ಮಗ ಯಾಕ್ ಹೋಗಬೇಕ್ರಿ?" ಮುಂದೆ ಸಭೆಯಲ್ಲೂ ಅವರು ಆಡಿದ್ದು ಇದೇ ಮಾತು. ನಾವು ಒಂದಕ್ಷರ ಸೇರಿಸಲಿಲ್ಲ.

3. ಬಂಧುಗಳೆಲ್ಲ ಒಪ್ಪುವುದಿಲ್ಲ. ಅಮೆರಿಕದ ಸಿಂಡಿ ಶೀಹನ್ ಅವರ ಮಗ ಕೇಸಿ ಇರಾಕ್ ಯುದ್ಧದಲ್ಲಿ 2004ರ ಏಪ್ರಿಲ್ 4ರಂದು ಬಾಗ್ದಾದಿನಲ್ಲಿ ಮಡಿದ. 2005ರ ಆಗಸ್ಟ್‌ನಲ್ಲಿ ಆಕೆ ಟೆಕ್ಸಸ್‌ನ ಕ್ರಾಫರ್ಡಿನಲ್ಲಿ, ಅಧ್ಯಕ್ಷ ಬುಷ್ ಅವರ ತೋಟದ ಮನೆಯ ಹಾದಿಯಲ್ಲಿ ಬಿಡಾರ ಹೂಡಿ, ಮಗ ಸತ್ತದ್ದು ಯಾವ ಘನಕಾರ್ಯಕ್ಕೆಂದು ಕೇಳಿದರು. ಅವರ ಕುಟುಂಬದಲ್ಲೇ ಕೆಲವರು ಬಹಿರಂಗವಾಗಿ ವಿರೋಧಿಸಿದರು. ಇದನ್ನು ಹೆತ್ತವರಿಗೆ ಮೊದಲೇ ತಿಳಿಸಿ.

4. ಘೋಷಣೆಯ ಜಾಗದಲ್ಲಿ ಸಂಗತಿ ಇಡಿ. ಸಿಯಾಚಿನ್‌ನಲ್ಲಿ 2003ರ ನವೆಂಬರ್‌ನಿಂದ ಕದನವಿರಾಮವಿದೆ. ಆದರೂ 2016ರ ಫೆಬ್ರವರಿ 3ರ ಹಿಮಕುಸಿತ ಹತ್ತು ಮಂದಿ ಯೋಧರನ್ನು ಬಲಿ ಪಡೆಯಿತು. ಅವರಲ್ಲೊಬ್ಬರಾದ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಉಸಿರು ಹಿಡಿದಿದ್ದು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಗುಂಡು ಹಾರದಿದ್ದರೂ ಮಕ್ಕಳು ಸಾಯುತ್ತಿದ್ದಾರೆ. ಭಾರತ, ಪಾಕಿಸ್ತಾನ ಎರಡರ ಸೇನೆಗಳೂ ಮಾತುಕತೆಯಿಂದ ಕೆಳಗಿಳಿಯಲಿ ಎಂಬ ಬೇಡಿಕೆ ಯಾರಿಗೂ ಅರ್ಥವಾಗುತ್ತದೆ. ಯೋಧರ ಗೌರವಕ್ಕೂ ಇದರಿಂದ ಕುಂದಿಲ್ಲ.

5. ಈ ನೆಲದ ಕಥೆ ಹೇಳಿ. ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಶರಣರಾದ ಹರಳಯ್ಯ, ಮಧುವರಸರು ಅರಸನಿಂದ ಎಳೆಹೂಟೆ ಶಿಕ್ಷೆಗೆ ಗುರಿಯಾದದ್ದನ್ನು ಕಲ್ಯಾಣದವರಿಗೆ ವಿವರಿಸಬೇಕಿಲ್ಲ. ಆಳುವವರ ಹಟಕ್ಕೆ ಮನೆ ಮುರಿಯುವುದೇನೆಂದು ಇಲ್ಲಿನವರು ಬಲ್ಲರು.

6. ಸಭೆ ಮುಗಿದ ಮೇಲೆ ಹತ್ತಿರವಿರಿ. "ದೇಶದ್ರೋಹಿ" ಎಂದು ಬೈಯುವ ಫೋನು ಬಂದರೆ ನೀವೇ ಎತ್ತಿ. ಪ್ರಶ್ನೆ ಕೇಳುವ ಹಕ್ಕು ಹೆತ್ತವರದ್ದು. ಅದಕ್ಕೆ ಬರುವ ಬೈಗುಳ ಹೊರುವ ಕೆಲಸ ನಮ್ಮದು. ಅಷ್ಟು ಗಟ್ಟಿತನವಿಲ್ಲದಿದ್ದರೆ ಅವರನ್ನು ವೇದಿಕೆಗೆ ಕರೆಯಬೇಡಿ.