ವೃತ್ತಿ ಆಟಗಾರರೂ ರಾಷ್ಟ್ರತಂಡವೂ

ಹಣಕ್ಕಾಗಿ ಆಡುವವನು ದೇಶಕ್ಕಾಗಿಯೂ ಆಡಬೇಕೇ ಎಂಬ ಪ್ರಶ್ನೆ ನಮ್ಮ ಭಾಗದವರಿಗೆ ಮೊದಲು ಕೊಂಚ ವಿಚಿತ್ರವಾಗಿ ತೋರಬಹುದು. ಜಾತ್ರೆಯ ಕುಸ್ತಿಯ ಕಣದಲ್ಲಿ ಬೆಳ್ಳಿಯ ಕಡಗಕ್ಕಾಗಿ, ಇನಾಮಿನ ಹಣಕ್ಕಾಗಿ ಸೆಣಸುವ ಪೈಲವಾನನನ್ನು ನಾವು ಎಂದೂ ಕೀಳಾಗಿ ಕಂಡವರಲ್ಲ. ಹಾಲು, ತುಪ್ಪ, ಬಾದಾಮಿಗಳ ಖುರಾಕು ಇಲ್ಲದೆ ಮೈ ಕಟ್ಟಲಾಗದೆಂಬುದನ್ನೂ, ಆ ಖರ್ಚನ್ನು ಯಾರಾದರೊಬ್ಬರು ಹೊರಲೇಬೇಕೆಂಬುದನ್ನೂ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಅದೇ ಪೈಲವಾನ ಊರಿನ ಹೆಸರಿನಲ್ಲಿ ಕಣಕ್ಕಿಳಿದು ಗೆದ್ದರೆ ಆ ಗೆಲುವು ಊರಿನದಾಗುತ್ತದೆ; ಹಲಗೆಯ ಬಡಿತದೊಡನೆ ಅವನ ಮೆರವಣಿಗೆಯೂ ನಡೆಯುತ್ತದೆ. ದುಡಿಮೆಯೂ ಅಭಿಮಾನವೂ ಒಂದೇ ಮೈಯಲ್ಲಿ ನೆಲೆಸಬಲ್ಲವೆಂಬುದು ನಮಗೆ ಹೊಸ ಮಾತಲ್ಲ.

ಆದರೆ ಪಾಶ್ಚಾತ್ಯ ಕ್ರೀಡಾಲೋಕವು ಇದನ್ನು ಬಹುಕಾಲ ಒಪ್ಪಲಿಲ್ಲ. ಒಲಿಂಪಿಕ್ ಕೂಟವು ಹವ್ಯಾಸಿಗಳಿಗೆ ಮಾತ್ರ ಮೀಸಲೆಂಬ ನಿಯಮ ದಶಕಗಳ ಕಾಲ ಜಾರಿಯಲ್ಲಿತ್ತು. ಬಾಸ್ಕೆಟ್‌ಬಾಲ್ ಆಟದಲ್ಲಂತೂ ಅಮೆರಿಕದ ವೃತ್ತಿ ಸಂಘಟನೆಯ ಆಟಗಾರರಿಗೆ ವಿಶ್ವಕೂಟಗಳ ಬಾಗಿಲು ಮುಚ್ಚಿಯೇ ಇತ್ತು. 1989ರ ಏಪ್ರಿಲ್ ತಿಂಗಳಲ್ಲಿ ಮ್ಯೂನಿಕ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವು ಆ ಬಾಗಿಲನ್ನು ತೆರೆಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಅಮೆರಿಕದ ವೃತ್ತಿ ಆಟಗಾರರು ಎದುರಾಳಿಗಳನ್ನು ಸರಾಸರಿ 40ಕ್ಕೂ ಹೆಚ್ಚು ಅಂಕಗಳಿಂದ ಮಣಿಸಿದರು. ಹನ್ನೆರಡು ವರ್ಷಗಳ ತರುವಾಯ ಅಥೆನ್ಸಿನಲ್ಲಿ ಅದೇ ದೇಶದ ತಂಡ ಮೂರು ಪಂದ್ಯ ಸೋತು ಕಂಚಿಗೆ ತೃಪ್ತಿಪಟ್ಟಿತು. ಆ ವರ್ಷ ಹಲವು ಪ್ರಮುಖ ಆಟಗಾರರು ದೇಶದ ಕರೆಗೆ ಓಗೊಟ್ಟಿರಲಿಲ್ಲ. 2017ರಿಂದ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು ನವೆಂಬರ್, ಫೆಬ್ರವರಿಗಳಲ್ಲಿಯೂ ನಡೆಯತೊಡಗಿದವು. ಅಮೆರಿಕದ ವೃತ್ತಿ ಪಂದ್ಯಾವಳಿ ಭರದಿಂದ ಸಾಗಿರುವ ತಿಂಗಳುಗಳೇ ಅವು. ಹೀಗೆ ಪ್ರಶ್ನೆಯೇ ಬದಲಾಯಿತು. ವೃತ್ತಿ ಆಟಗಾರನನ್ನು ಸೇರಿಸಿಕೊಳ್ಳಬಹುದೇ ಎನ್ನುತ್ತಿದ್ದವರು, ಅವನು ಬರುವನೇ ಎಂದು ಕೇಳಬೇಕಾಯಿತು.

ಈ ಪ್ರಶ್ನೆ ಕನ್ನಡನಾಡಿಗೆ ತೀರ ಸಮೀಪ ಬಂದದ್ದು ಟೆನಿಸ್ ಆಟದಲ್ಲಿ, ಕೊಡಗಿನ ಕಾಫಿ ಬೆಳೆಗಾರರ ಮನೆತನದ ರೋಹನ್ ಬೋಪಣ್ಣನವರ ಬಾಳಿನಲ್ಲಿ. ಟೆನಿಸ್ ವೃತ್ತಿಯ ಸ್ವರೂಪವನ್ನು ಅರಿಯದೆ ಅವರ ಪ್ರಸಂಗ ಅರ್ಥವಾಗದು. ಈ ಆಟಗಾರನಿಗೆ ಸಂಬಳ ಕೊಡುವ ಧಣಿ ಇಲ್ಲ. ವಾರಕ್ಕೊಂದು ಊರು, ವಾರಕ್ಕೊಂದು ಪಂದ್ಯಾವಳಿ. ವಿಮಾನದ ದರ, ವಸತಿ, ತರಬೇತುದಾರನ ವೇತನ, ಮೈಕೈ ನೋವಿಗೆ ಆರೈಕೆ ಮಾಡುವವನ ಖರ್ಚು ಎಲ್ಲವೂ ಸಾಮಾನ್ಯವಾಗಿ ಅವನ ಕಿಸೆಯಿಂದಲೇ. ಮೊದಲ ಸುತ್ತಿನಲ್ಲಿ ಸೋತರೆ ಬಂದ ಹಣ ಹೋದ ಹಣಕ್ಕೆ ಸಾಲದು. ಗಳಿಸಿದ ಅಂಕಗಳಾದರೂ ಶಾಶ್ವತವಲ್ಲ. 52 ವಾರಗಳು ಕಳೆದೊಡನೆ ಲೆಕ್ಕದಿಂದ ಉದುರಿಹೋಗುತ್ತವೆ. ಇಂಥವನು ಡೇವಿಸ್ ಕಪ್ಪಿಗಾಗಿ ಒಂದು ವಾರ ಕೊಟ್ಟನೆಂದರೆ ತನ್ನ ವರ್ಷದ ಬೆಳೆಯಲ್ಲಿ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟಂತೆ.

ಬೋಪಣ್ಣನವರು 2002ರಿಂದ ಹಾಗೆ ಕೊಡುತ್ತ ಬಂದವರು. 2010ರ ಸೆಪ್ಟೆಂಬರ್ ತಿಂಗಳು ಇಲ್ಲಿ ಉಲ್ಲೇಖನೀಯ. ಪಾಕಿಸ್ತಾನದ ಐಸಾಮ್ ಖುರೇಷಿಯವರೊಡನೆ ಜೋಡಿಯಾಗಿ ಅವರು ಅಮೆರಿಕದ ಓಪನ್ ಪಂದ್ಯಾವಳಿಯ ಡಬಲ್ಸ್ ಅಂತಿಮ ಪಂದ್ಯ ಆಡಿದರು. ಎರಡೂ ರಾಷ್ಟ್ರಗಳ ವಿಶ್ವಸಂಸ್ಥೆಯ ಪ್ರತಿನಿಧಿಗಳು ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದರು. ರಾಯಭಾರಿಗಳಿಗೆ ಸುಲಭವಾಗದ ಕಾರ್ಯವನ್ನು ವೃತ್ತಿಯ ಆಟವೊಂದು ಆ ದಿನ ಸಾಧಿಸಿತೆನ್ನಬೇಕು. ಒಂದು ವಾರ ಕಳೆಯುವಷ್ಟರಲ್ಲಿ ಅವರು ಚೆನ್ನೈಯಲ್ಲಿ ಭಾರತದ ಪರವಾಗಿ ಬ್ರೆಜಿಲ್ ವಿರುದ್ಧ ನಿಂತಿದ್ದರು. ಮೊದಲ ಎರಡು ಪಂದ್ಯ ಸೋತಿದ್ದ ಭಾರತ ಸಮಬಲ ಸಾಧಿಸಿ, ನಿರ್ಣಾಯಕವಾದ ಐದನೆಯ ಪಂದ್ಯ ಬೋಪಣ್ಣನವರ ಪಾಲಿಗೆ ಬಂದಿತು. ರಿಕಾರ್ಡೊ ಮೆಲ್ಲೊ ಎಂಬಾತನನ್ನು ಅವರು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿದರು.

ಇಂಥವರ ಮೇಲೆ ಎರಡೇ ವರ್ಷಗಳಲ್ಲಿ ದೇಶದ ಕರೆಯನ್ನು ಧಿಕ್ಕರಿಸಿದ ಆರೋಪ ಬಂದಿತು. 2012ರ ಲಂಡನ್ ಒಲಿಂಪಿಕ್ಸನ್ನು ದೃಷ್ಟಿಯಲ್ಲಿಟ್ಟುಕೊಂಡು ಅವರು ಮಹೇಶ್ ಭೂಪತಿಯವರೊಡನೆ ಆ ವರ್ಷವಿಡೀ ಜೋಡಿಯಾಗಿ ಆಡುತ್ತಿದ್ದರು. ದುಬೈಯಲ್ಲಿ ಪ್ರಶಸ್ತಿಯನ್ನೂ ಗೆದ್ದಿದ್ದರು. ಅಖಿಲ ಭಾರತ ಟೆನಿಸ್ ಸಂಸ್ಥೆಯು ಜೂನ್ ತಿಂಗಳಲ್ಲಿ ಲಿಯಾಂಡರ್ ಪೇಸ್ ಮತ್ತು ಭೂಪತಿಯವರ ಜೋಡಿಯನ್ನು ಪ್ರಕಟಿಸಿತು. ಭೂಪತಿಯವರು ಒಪ್ಪಲಿಲ್ಲ. ಬೋಪಣ್ಣನವರನ್ನು ಪೇಸರಿಗೆ ಜೊತೆಗೊಡಲು ನೋಡಿದರೆ ಅವರೂ ಒಪ್ಪಲಿಲ್ಲ. ಕಡೆಗೆ ಎರಡು ಜೋಡಿಗಳು ಹೋದವು; ಎರಡೂ ಎರಡನೆಯ ಸುತ್ತಿನಲ್ಲಿಯೇ ಸೋತು ಮರಳಿದವು. ಸೆಪ್ಟೆಂಬರಿನಲ್ಲಿ ಸಂಸ್ಥೆಯು ಬೋಪಣ್ಣ, ಭೂಪತಿಯವರನ್ನು 2014ರ ಜೂನ್‌ವರೆಗೆ ರಾಷ್ಟ್ರತಂಡದಿಂದ ಹೊರಗಿಟ್ಟಿತು. ವಿವಾದ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಆ ಶಿಕ್ಷೆಗೆ ತಡೆಯಾಜ್ಞೆ ದೊರೆಯಿತು.

ಡಬಲ್ಸ್ ಆಟವೆಂದರೆ ನೊಗಕ್ಕೆ ಹೂಡಿದ ಜೋಡೆತ್ತಿನ ಕೆಲಸ. ಒಂದೇ ತೂಕದ, ಒಂದೇ ಬೆಲೆಯ ಎರಡು ಎತ್ತುಗಳನ್ನು ಬೇರೆ ಬೇರೆ ಕೊಟ್ಟಿಗೆಯಿಂದ ತಂದು ಹೂಡಿದರೆ ಸಾಲು ನೆಟ್ಟಗಾಗದೆಂಬುದನ್ನು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದೃಷ್ಟಿಯಿಂದ ಬೋಪಣ್ಣನವರ ಮಾತಿನಲ್ಲಿ ಹುರುಳಿತ್ತು. ಆದರೂ ಜೊತೆಗಾರನನ್ನು ಆರಿಸುವ ಕಡೆಯ ಅಧಿಕಾರ ಆಟಗಾರನದೇ ಆದರೆ ರಾಷ್ಟ್ರತಂಡವೆಂಬುದು ಉಳಿಯದು, ಇದನ್ನೂ ಒಪ್ಪಲೇಬೇಕು. ನಿರಾಕರಣೆ ತಪ್ಪೆಂದು ಎಣಿಸಿದರೂ ಎರಡು ವರ್ಷಗಳ ಬಹಿಷ್ಕಾರ ಅದಕ್ಕೆ ತಕ್ಕ ದಂಡನೆಯಾಗಿರಲಿಲ್ಲವೆಂದು ನನ್ನ ಅಭಿಪ್ರಾಯ. ದೇಶಕ್ಕಾಗಿ ಆಡಲಿಲ್ಲವೆಂದು ದೇಶಕ್ಕಾಗಿ ಆಡುವುದನ್ನೇ ನಿಷೇಧಿಸಿದರೆ ನಷ್ಟ ಯಾರಿಗೆ?

ಇಂಥ ಸಂದರ್ಭಗಳಲ್ಲಿ ಋಣದ ಮಾತು ಬರುತ್ತದೆ. ದೇಶ ಬೆಳೆಸಿತು, ಆದುದರಿಂದ ದೇಶಕ್ಕೆ ಆಡು ಎನ್ನುವರು. ಪೈಲವಾನನ ವಿಷಯದಲ್ಲಿ ಈ ಮಾತು ಸಲ್ಲುತ್ತದೆ. ಅವನ ಖುರಾಕನ್ನು ಊರೇ ಹೊತ್ತಿರುತ್ತದೆ. ಟೆನಿಸ್ ಆಟಗಾರನ ಖುರಾಕನ್ನು ಹೊತ್ತವರು ಯಾರು? ಹೆಚ್ಚಿನವರ ಪಾಲಿಗೆ ತಂದೆತಾಯಿಗಳು. 2013ರ ಆರಂಭದಲ್ಲಿ ಭಾರತದ ಪ್ರಮುಖ ಆಟಗಾರರು ದಕ್ಷಿಣ ಕೊರಿಯಾ ವಿರುದ್ಧದ ಪಂದ್ಯದಿಂದ ದೂರವುಳಿದಾಗ ಕೇಳಿದ್ದು ಬಹುಮಾನದ ಹಣದಲ್ಲಿ ನ್ಯಾಯವಾದ ಪಾಲು, ಸರಿಯಾದ ಪ್ರಯಾಣ ವ್ಯವಸ್ಥೆ, ವೈದ್ಯಕೀಯ ನೆರವು ಮುಂತಾದುವನ್ನು. ಖುರಾಕಿನಲ್ಲಿ ಪಾಲು ಕೊಡದ ದೇಶ ಗೆಲುವಿನಲ್ಲಿ ಪಾಲು ಬೇಡಬಹುದು; ಆದರೆ ಅದು ಬೇಡಿಕೆಯಾಗಿರಬೇಕಲ್ಲದೆ ಅಪ್ಪಣೆಯಾಗಬಾರದು.

ಆಟಗಾರನ ತ್ಯಾಗವನ್ನು ದೇಶ ಎಂದೂ ಕೇಳಬಾರದೆಂದು ಇದರ ಅರ್ಥವಲ್ಲ. 1974ರಲ್ಲಿ ಡೇವಿಸ್ ಕಪ್ಪಿನ ಅಂತಿಮ ಹಂತ ತಲುಪಿದ ಭಾರತ, ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಆಡದೆಯೇ ಕಪ್ಪನ್ನು ಬಿಟ್ಟುಕೊಟ್ಟಿತು. ವಿಜಯ್ ಅಮೃತರಾಜ್ ಮೊದಲಾದವರು ಅಂಥ ಅವಕಾಶವನ್ನು ಕಳೆದುಕೊಂಡರು. ಆ ತ್ಯಾಗಕ್ಕೆ ಜಗತ್ತು ಒಪ್ಪುವ ಕಾರಣವಿತ್ತು. 2012ರ ಜಗಳಕ್ಕೆ ಅಂಥದ್ದೇನೂ ಇರಲಿಲ್ಲ.

ಮುಂದಿನ ಕಥೆ ಕೇಳಲು ಹಿತವಾದುದು. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸರ್ಬಿಯಾ ವಿರುದ್ಧ ಡೇವಿಸ್ ಕಪ್ ಪಂದ್ಯಗಳು ನಡೆದಾಗ ಡಬಲ್ಸಿಗೆ ಇಳಿದವರು ಬೋಪಣ್ಣ ಮತ್ತು ಪೇಸ್! ಮೊದಲನೆಯ ದಿನ ಎರಡೂ ಪಂದ್ಯ ಸೋತು ಭಾರತ ಅಂಚಿನಲ್ಲಿತ್ತು. ಇವರೂ ಮೊದಲ ಎರಡು ಸೆಟ್ಟುಗಳನ್ನು ಕಳೆದುಕೊಂಡು, ಬಳಿಕ ಮೂರನ್ನೂ ಗೆದ್ದರು, ಐದನೆಯದು 8-6. ಭಾರತ ಒಟ್ಟಿನಲ್ಲಿ 3-2ರಿಂದ ಸೋತಿತಾದರೂ ತವರು ನಾಡಿನ ಜನ ಆ ಶನಿವಾರವನ್ನು ಮರೆಯಲಾರರು. ಶಿಕ್ಷೆ, ವ್ಯಾಜ್ಯಗಳಿಂದ ಆಗದ ಜೋಡಿ ಆ ಹೊತ್ತಿನ ಅಗತ್ಯದಿಂದ ಆಗಿತ್ತು.

2023ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಮೊರಾಕೊ ವಿರುದ್ಧ ಆಡಿ, ಗೆದ್ದು, ಬೋಪಣ್ಣನವರು ಡೇವಿಸ್ ಕಪ್ಪಿಗೆ ವಿದಾಯ ಹೇಳಿದರು. ಆಗ ಅವರಿಗೆ 43 ವರ್ಷ. ಕಸುವು ಕುಂದಿ ಬಿಟ್ಟದ್ದಲ್ಲ. ನಾಲ್ಕು ತಿಂಗಳ ತರುವಾಯ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದು, ವಿಶ್ವದ ಪ್ರಥಮ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರೆನಿಸಿದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್ ಬಂದಾಗ ಜೊತೆಗಾರನ ಪ್ರಶ್ನೆ ಮತ್ತೆ ಎದ್ದಿತು. ತಮಗೆ ಶ್ರೀರಾಮ್ ಬಾಲಾಜಿ ಬೇಕೆಂದು ಅವರು ತಿಳಿಸಿದರು. ಸಂಸ್ಥೆಯು ಈ ಸಲ ಒಪ್ಪಿತು. ಇಬ್ಬರೂ ಮೊದಲ ಸುತ್ತಿನಲ್ಲಿ ಫ್ರಾನ್ಸಿನ ಜೋಡಿಗೆ ಸೋತರು, ಮತ್ತು ಭಾರತದ ಪರವಾಗಿ ತಾವು ಆಡುವ ಕಡೆಯ ಪಂದ್ಯ ಅದೇ ಎಂದು ಬೋಪಣ್ಣನವರು ಪ್ರಕಟಿಸಿದರು.